ನೆರಳಿನ ಹಿತ್ತಲ ತೋಟ

ನೆರಳಿನ ಹಿತ್ತಲ ತೋಟ ಎಂದರೆ ಮನೆಯ ಗೋಡೆ, ಆವರಣ ಗೋಡೆ ಅಥವಾ ಮರಗಳ ನೆರಳಿನಿಂದಾಗಿ ದಿನದ ಬಹುಪಾಲು ನೇರ ಬಿಸಿಲು ದೊರೆಯದ ಸಣ್ಣ ಜಾಗದಲ್ಲಿ ಸೊಪ್ಪು, ಗೆಡ್ಡೆ, ಸಾಂಬಾರ ಸಸ್ಯ, ಔಷಧೀಯ ಸಸ್ಯ ಅಥವಾ ಹೂಗಿಡಗಳನ್ನು ಬೆಳೆಸುವ ಮನೆಬಳಕೆಯ ತೋಟ. ಇಂತಹ ತೋಟದ ಯಶಸ್ಸು ಗೊಬ್ಬರ ಮತ್ತು ನೀರಿಗಿಂತ ಹೆಚ್ಚಾಗಿ ಬೆಳೆಯ ಆಯ್ಕೆಯನ್ನು ಅವಲಂಬಿಸಿದೆ. ಜಾಗಕ್ಕೆ ದೊರೆಯುವ ಬೆಳಕನ್ನು ಅಳೆದು ಅದಕ್ಕೆ ಹೊಂದುವ ಗಿಡವನ್ನು ಆರಿಸಿದರೆ ನೆರಳು ತೊಡಕಾಗುವುದಿಲ್ಲ. ಕಡು ಬೇಸಿಗೆಯ ಪ್ರದೇಶಗಳಲ್ಲಿ ಅದು ಅನುಕೂಲವೂ ಆಗುತ್ತದೆ. ಈ ಲೇಖನವು ರಾಯಚೂರು ಜಿಲ್ಲೆಯ ಅರಕೇರಾ, ದೇವದುರ್ಗ ಮತ್ತು ಮಾನ್ವಿ ಸುತ್ತಲಿನ ಒಣ ಪ್ರದೇಶವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಈ ಆಯ್ಕೆಯ ತತ್ತ್ವಗಳನ್ನು ವಿವರಿಸುತ್ತದೆ.

## ಹಿನ್ನೆಲೆ

ಹಿತ್ತಲು ಕರ್ನಾಟಕದ ಗ್ರಾಮೀಣ ಮನೆಗಳ ಸಾಂಪ್ರದಾಯಿಕ ಅಂಗ. ಬಚ್ಚಲ ನೀರು ಹರಿಯುವ ಕಡೆ ಬಾಳೆ ಮತ್ತು ಕೆಸು, ಬೇಲಿಗೆ ನುಗ್ಗೆ, ಚಪ್ಪರಕ್ಕೆ ಬಳ್ಳಿ, ಅಂಗಳದಲ್ಲಿ ತುಳಸಿ ಹಾಗೂ ಹೂಗಿಡ ಎಂಬುದು ರೂಢಿಯ ಜೋಡಣೆ. ಮನೆಗಳು ಒತ್ತಾಗಿ ಕಟ್ಟಲ್ಪಟ್ಟು, ಒಂದು ಅಂತಸ್ತಿನ ಮನೆಗಳ ಮೇಲೆ ಎರಡನೆಯ ಅಂತಸ್ತು ಏರಿದಂತೆ ಹಿತ್ತಲಿನ ವಿಸ್ತೀರ್ಣ ಕುಗ್ಗಿದೆ. ಉಳಿದ ಜಾಗವೂ ಗೋಡೆಗಳ ನೆರಳಿಗೆ ಸೇರಿದೆ. ಇಂತಹ ಜಾಗದಲ್ಲಿ ಟೊಮೆಟೊ, ಬದನೆ ಅಥವಾ ಮೆಣಸಿನ ಸಸಿ ನೆಟ್ಟು, ಅವು ಉದ್ದಕ್ಕೆ ಬೆಳೆದು ಕಾಯಿ ಬಿಡದಿದ್ದಾಗ ತೋಟವನ್ನೇ ಕೈಬಿಡುವುದು ಸಾಮಾನ್ಯ. ನೀರನ್ನು ದೂರದಿಂದ ಹೊತ್ತು ತರಬೇಕಾದ ಮನೆಗಳಲ್ಲಿ, ತಪ್ಪು ಆಯ್ಕೆಯಿಂದ ಶ್ರಮ ಮತ್ತು ನೀರು ಎರಡೂ ವ್ಯರ್ಥವಾಗುತ್ತವೆ.

ಈ ಆಯ್ಕೆಗೆ ಪೌಷ್ಟಿಕತೆಯ ದೃಷ್ಟಿಯಿಂದಲೂ ಮಹತ್ವವಿದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಹಾಗೂ 6ರಿಂದ 59 ತಿಂಗಳಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ಮತ್ತು ತರಕಾರಿಯನ್ನು ಶಿಫಾರಸು ಮಾಡಿದೆ. ರಾಯಚೂರು ಜಿಲ್ಲೆಯು 2018ರಲ್ಲಿ ನೀತಿ ಆಯೋಗವು ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಒಂದು. ಅದೇ ವರ್ಷದ ಮಾರ್ಚ್‌ನಲ್ಲಿ ಆರಂಭಗೊಂಡ ಪೋಷಣ್ ಅಭಿಯಾನದ ಅಂಗವಾಗಿ ಅಂಗನವಾಡಿಗಳ ಆವರಣದಲ್ಲಿ ಪೌಷ್ಟಿಕ ಕೈತೋಟಗಳನ್ನು ಪ್ರೋತ್ಸಾಹಿಸಲಾಗುತ್ತಿದೆ. ಅಂಗನವಾಡಿ ಮತ್ತು ಶಾಲೆಗಳ ಆವರಣದಲ್ಲಿ ಬೇವು, ಹೊಂಗೆಯಂತಹ ಮರಗಳಿರುವಲ್ಲಿ ನೆರಳಿಗೆ ಹೊಂದುವ ಬೆಳೆಗಳ ಅರಿವು ಉಪಯುಕ್ತವಾಗುತ್ತದೆ.

## ಪ್ರದೇಶದ ಹವಾಗುಣ ಮತ್ತು ಮಣ್ಣು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶದಲ್ಲಿ ರಾಯಚೂರು ಜಿಲ್ಲೆಯಿದೆ. ಕರ್ನಾಟಕದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ರಾಯಚೂರು, ಮಾನ್ವಿ ಮತ್ತು ದೇವದುರ್ಗ ಪ್ರದೇಶಗಳು ಈಶಾನ್ಯ ಒಣ ವಲಯಕ್ಕೆ ಸೇರುತ್ತವೆ. ವಾರ್ಷಿಕ ಮಳೆ ಸುಮಾರು 600ರಿಂದ 700 ಮಿಲಿಮೀಟರ್. ಇದರ ಬಹುಭಾಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಹೊಲಗಳಲ್ಲಿ ಜೋಳ, ಸಜ್ಜೆ, ತೊಗರಿ, ಹತ್ತಿ, ಮೆಣಸಿನಕಾಯಿ ಮತ್ತು ಕಾಲುವೆ ನೀರಾವರಿಯಿರುವಲ್ಲಿ ಭತ್ತ ಮುಖ್ಯ ಬೆಳೆಗಳು. ಇವೆಲ್ಲವೂ ಪೂರ್ಣ ಬಿಸಿಲಿನ ಬೆಳೆಗಳಾದ್ದರಿಂದ ಹೊಲದ ಅನುಭವವನ್ನು ನೆರಳಿನ ಹಿತ್ತಲಿಗೆ ನೇರವಾಗಿ ಅನ್ವಯಿಸಲು ಬರುವುದಿಲ್ಲ.

ಇಲ್ಲಿ ಎರೆ (ಕಪ್ಪು) ಮತ್ತು ಮಸಾರಿ (ಕೆಂಪು) ಎಂಬ ಎರಡು ಬಗೆಯ ಮಣ್ಣು ಪ್ರಧಾನ. ಎರೆ ಮಣ್ಣು ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ನೆರಳಿನಲ್ಲಿ ಆವಿಯಾಗುವಿಕೆ ಕಡಿಮೆಯಿರುವುದರಿಂದ ಎರೆ ಮಣ್ಣಿನ ಹಿತ್ತಲಿನಲ್ಲಿ ನೀರು ನಿಂತು ಬೇರು ಕೊಳೆಯುವ ಸಂಭವ ಹೆಚ್ಚು. ಮಸಾರಿ ಮಣ್ಣಿನಲ್ಲಿ ನೀರು ಬೇಗ ಬಸಿಯುತ್ತದೆಯಾದರೂ ಸಾವಯವ ಅಂಶ ಕಡಿಮೆ. ಕೆಲವೆಡೆ ಅಂತರ್ಜಲ ಸವಳಾಗಿದ್ದು, ಅದನ್ನು ಸತತವಾಗಿ ಉಣಿಸಿದರೆ ಮಣ್ಣಿನ ಮೇಲೆ ಬಿಳಿಯ ಪದರ ಕಾಣಿಸಿಕೊಳ್ಳುತ್ತದೆ.

## ನೆರಳಿನ ವರ್ಗೀಕರಣ

ತೋಟಗಾರಿಕೆಯಲ್ಲಿ ನೇರ ಬಿಸಿಲು ಬೀಳುವ ಅವಧಿಯನ್ನು ಆಧರಿಸಿ ಜಾಗವನ್ನು ಸಾಮಾನ್ಯವಾಗಿ ಮೂರು ವರ್ಗಗಳಾಗಿ ವಿಂಗಡಿಸಲಾಗುತ್ತದೆ.

- ಪೂರ್ಣ ಬಿಸಿಲು: ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಹೆಚ್ಚು ನೇರ ಬಿಸಿಲು.
- ಅರೆ ನೆರಳು: 3ರಿಂದ 6 ಗಂಟೆ ನೇರ ಬಿಸಿಲು, ಅಥವಾ ದಿನವಿಡೀ ಎಲೆಗಳ ಸಂದಿಯಿಂದ ಸೋಸಿ ಬರುವ ಬೆಳಕು.
- ದಟ್ಟ ನೆರಳು: 3 ಗಂಟೆಗಿಂತ ಕಡಿಮೆ ನೇರ ಬಿಸಿಲು.

ಗಂಟೆಗಳ ಲೆಕ್ಕದಷ್ಟೇ ಬಿಸಿಲಿನ ಹೊತ್ತೂ ಮುಖ್ಯ. ಬೆಳಗಿನ ಮೂರು ಗಂಟೆಯ ಬಿಸಿಲು ಸೊಪ್ಪಿನ ಗಿಡಗಳಿಗೆ ಹಿತಕರ. ಬೇಸಿಗೆಯ ಮಧ್ಯಾಹ್ನದ ಮೂರು ಗಂಟೆಯ ಬಿಸಿಲು ಅದೇ ಗಿಡಗಳನ್ನು ಬಾಡಿಸುತ್ತದೆ. ಗೋಡೆಯ ನೆರಳು ಮತ್ತು ಮರದ ನೆರಳು ಕೂಡ ಒಂದೇ ಅಲ್ಲ. ಗೋಡೆಯ ನೆರಳಿನಲ್ಲಿ ಬೆಳಕು ಮಾತ್ರ ಕಡಿಮೆಯಾಗುತ್ತದೆ. ಮರದ ಕೆಳಗೆ ಬೆಳಕಿನ ಜೊತೆಗೆ ನೀರು ಮತ್ತು ಪೋಷಕಾಂಶಗಳಿಗೂ ಬೇರುಗಳೊಡನೆ ಪೈಪೋಟಿಯಿರುತ್ತದೆ.

## ಸೂರ್ಯನ ಚಲನೆ ಮತ್ತು ಗೋಡೆಯ ನೆರಳು

ಅರಕೇರಾ ಮತ್ತು ದೇವದುರ್ಗ ಪ್ರದೇಶವು ಸುಮಾರು 16.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣದಲ್ಲಿರುವುದರಿಂದ ಇಲ್ಲಿ ಸೂರ್ಯನು ವರ್ಷಕ್ಕೆ ಎರಡು ಬಾರಿ, ಮೇ ಮೊದಲ ವಾರದಲ್ಲಿ ಮತ್ತು ಆಗಸ್ಟ್ ಮೊದಲ ವಾರದಲ್ಲಿ, ನಡುಹಗಲಿನಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡು ದಿನಗಳ ನಡುವಣ ಅವಧಿಯಲ್ಲಿ ನಡುಹಗಲ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ಉಳಿದ ಅವಧಿಯಲ್ಲಿ ದಕ್ಷಿಣಕ್ಕಿರುತ್ತಾನೆ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನಲ್ಲಿ ಸೂರ್ಯನ ಎತ್ತರ ದಿಗಂತದಿಂದ ಸುಮಾರು 50 ಡಿಗ್ರಿ ಮಾತ್ರ. ಆಗ 10 ಅಡಿ ಎತ್ತರದ ಗೋಡೆ ತನ್ನ ಉತ್ತರಕ್ಕೆ ಸುಮಾರು 8 ಅಡಿ ಉದ್ದದ ನೆರಳನ್ನು ಚೆಲ್ಲುತ್ತದೆ. ಜೂನ್ 21ರ ಸುಮಾರಿಗೆ ಸೂರ್ಯನ ಎತ್ತರ ಸುಮಾರು 83 ಡಿಗ್ರಿ ಇರುತ್ತದೆ. ಅದೇ ಗೋಡೆಯ ನಡುಹಗಲ ನೆರಳು ಆಗ ದಕ್ಷಿಣಕ್ಕೆ ಬೀಳುತ್ತದೆ ಮತ್ತು ಒಂದೂಕಾಲು ಅಡಿಯಷ್ಟೇ ಇರುತ್ತದೆ. ಹೀಗಾಗಿ ಒಂದೇ ಜಾಗ ಒಂದು ಋತುವಿನಲ್ಲಿ ನೆರಳಾಗಿ ಇನ್ನೊಂದರಲ್ಲಿ ಬಿಸಿಲಾಗಬಹುದು.

ಮನೆಯ ನಾಲ್ಕು ಬದಿಗಳ ಸ್ವಭಾವ ಹೀಗಿದೆ:

- ಪೂರ್ವ: ಬೆಳಗಿನಿಂದ ನಡುಹಗಲಿನವರೆಗೆ ಬಿಸಿಲು, ಅನಂತರ ನೆರಳು. ಸೊಪ್ಪಿನ ತರಕಾರಿಗಳಿಗೆ ವರ್ಷವಿಡೀ ಅತ್ಯಂತ ಅನುಕೂಲಕರ ಬದಿ.
- ಪಶ್ಚಿಮ: ಬೆಳಿಗ್ಗೆ ನೆರಳು, ಮಧ್ಯಾಹ್ನ ಕಡು ಬಿಸಿಲು. ಗೋಡೆ ಮತ್ತು ಹಾಸುಗಲ್ಲು ಕಾದು ರಾತ್ರಿಯವರೆಗೂ ಶಾಖವನ್ನು ಹೊರಸೂಸುತ್ತವೆ. ಗಟ್ಟಿ ಗಿಡಗಳಿಗೆ ಅಥವಾ ಬಳ್ಳಿಯ ಚಪ್ಪರಕ್ಕೆ ಸೂಕ್ತ.
- ಉತ್ತರ: ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಗೋಡೆಗೆ ತಾಗಿದ ಭಾಗದಲ್ಲಿ ದಟ್ಟ ನೆರಳು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ, ಸಂಜೆ ಬಿಸಿಲು ಬೀಳುತ್ತದೆ, ನಡು ಬೇಸಿಗೆಯಲ್ಲಿ ಹಗಲಿಗೂ ಬೀಳುತ್ತದೆ. ಮುಂಗಾರಿನಲ್ಲಿ ನಾಟಿಯಾಗುವ ಗೆಡ್ಡೆ ಬೆಳೆಗಳಿಗೆ ಹೊಂದುತ್ತದೆ.
- ದಕ್ಷಿಣ: ಚಳಿಗಾಲದಲ್ಲಿ ದಿನವಿಡೀ ಬಿಸಿಲು. ನೆರೆಮನೆಯ ಗೋಡೆ ಅಡ್ಡ ಬರದಿದ್ದರೆ ಹಿಂಗಾರಿನ ತರಕಾರಿಗೆ ಒಳ್ಳೆಯ ಜಾಗ.

## ಬೆಳಕನ್ನು ಅಳೆಯುವ ವಿಧಾನ

ಯಾವುದೇ ಉಪಕರಣವಿಲ್ಲದೆ ಜಾಗದ ಬೆಳಕನ್ನು ಅಳೆಯಬಹುದು. ಮೋಡವಿಲ್ಲದ ಒಂದು ದಿನ ಬೆಳಿಗ್ಗೆ 8, 10, ಮಧ್ಯಾಹ್ನ 12, 2 ಮತ್ತು ಸಂಜೆ 4 ಗಂಟೆಗೆ ನೆರಳಿನ ಅಂಚನ್ನು ರಂಗೋಲಿ ಪುಡಿ ಅಥವಾ ಸಣ್ಣ ಕಲ್ಲುಗಳಿಂದ ಗುರುತಿಸಿ, ಕಾಗದದ ಮೇಲೆ ನಕ್ಷೆಯಾಗಿ ಬರೆದುಕೊಳ್ಳಲಾಗುತ್ತದೆ. ಪ್ರತಿ ಭಾಗ ಎಷ್ಟು ಬಾರಿ ಬಿಸಿಲಿನಲ್ಲಿತ್ತು ಎಂಬುದನ್ನು ಎರಡರಿಂದ ಗುಣಿಸಿದರೆ ಬಿಸಿಲಿನ ಗಂಟೆಗಳ ಅಂದಾಜು ಸಿಗುತ್ತದೆ. ಇದನ್ನು ಜೂನ್, ಅಕ್ಟೋಬರ್ ಮತ್ತು ಫೆಬ್ರವರಿಗಳಲ್ಲಿ ಒಂದೊಂದು ಸಲ ಮಾಡಿದರೆ ಮುಂಗಾರು, ಹಿಂಗಾರು ಮತ್ತು ಬೇಸಿಗೆ ಮೂರಕ್ಕೂ ಬೆಳೆ ಆರಿಸಲು ಸಾಕಾಗುವ ಮಾಹಿತಿ ದೊರೆಯುತ್ತದೆ. ಶಾಲಾ ಮಕ್ಕಳಿಗೆ ಇದು ಭೂಗೋಳ ಮತ್ತು ವಿಜ್ಞಾನ ಎರಡಕ್ಕೂ ಸಂಬಂಧಿಸಿದ ಸರಳ ಚಟುವಟಿಕೆಯೂ ಹೌದು.

ನೆರಳನ್ನು ಕಡಿಮೆ ಮಾಡಲು ಕೆಲವು ಉಪಾಯಗಳಿವೆ. ಎದುರಿನ ಗೋಡೆಗೆ ಸುಣ್ಣ ಬಳಿದರೆ ಪ್ರತಿಫಲಿತ ಬೆಳಕು ಹೆಚ್ಚುತ್ತದೆ. ಮರದ ಕೆಳಗಿನ ಕೊಂಬೆಗಳನ್ನು ಸವರಿದರೆ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಒಳಬರುತ್ತದೆ. ಕುಂಡ ಅಥವಾ ಗೋಣಿಚೀಲದಲ್ಲಿ ಬೆಳೆದ ಗಿಡಗಳನ್ನು ಋತುವಿಗೆ ತಕ್ಕಂತೆ ಸ್ಥಳಾಂತರಿಸಬಹುದು.

## ಸಸ್ಯಗಳು ಮತ್ತು ಬೆಳಕಿನ ಅಗತ್ಯ

ದ್ಯುತಿಸಂಶ್ಲೇಷಣೆಯ ಮೂಲಕ ತಯಾರಾಗುವ ಆಹಾರದಲ್ಲಿ ಒಂದು ಭಾಗ ಗಿಡದ ಉಸಿರಾಟಕ್ಕೇ ಖರ್ಚಾಗುತ್ತದೆ. ಉಳಿದದ್ದು ಎಲೆ, ಬೇರು, ಹೂ ಮತ್ತು ಕಾಯಿಗಳ ಬೆಳವಣಿಗೆಗೆ ಒದಗುತ್ತದೆ. ಬೆಳಕು ಕಡಿಮೆಯಾದಾಗ ಗಿಡ ಮೊದಲು ಕೈಬಿಡುವುದು ಹೂ ಮತ್ತು ಕಾಯಿಗಳನ್ನು. ಇದರಿಂದ ತೋಟಗಾರಿಕೆಯಲ್ಲಿ ಒಂದು ಸರಳ ನಿಯಮ ರೂಢಿಯಲ್ಲಿದೆ: ಕಾಯಿಗಾಗಿ ಬೆಳೆಯುವ ಗಿಡಕ್ಕೆ ಪೂರ್ಣ ಬಿಸಿಲು, ಬೇರು ಮತ್ತು ಗೆಡ್ಡೆಗಾಗಿ ಬೆಳೆಯುವ ಗಿಡಕ್ಕೆ ಮಧ್ಯಮ ಬಿಸಿಲು, ಎಲೆಗಾಗಿ ಬೆಳೆಯುವ ಗಿಡಕ್ಕೆ ಎಲ್ಲಕ್ಕಿಂತ ಕಡಿಮೆ ಬಿಸಿಲು ಸಾಕು.

ಈ ನಿಯಮಕ್ಕೆ ಅಪವಾದಗಳೂ ಇವೆ. ರಾಜಗಿರಿ ಮತ್ತು ದಂಟಿನ ಸೊಪ್ಪುಗಳು ಜೋಳ ಮತ್ತು ಸಜ್ಜೆಯಂತೆ ಸಿ4 ಎಂಬ ದ್ಯುತಿಸಂಶ್ಲೇಷಣಾ ಕ್ರಮವನ್ನು ಹೊಂದಿದ್ದು, ಬಲವಾದ ಬಿಸಿಲಿನಲ್ಲಿ ಮಾತ್ರ ತಮ್ಮ ಪೂರ್ಣ ವೇಗದಲ್ಲಿ ಬೆಳೆಯುತ್ತವೆ. ಪಾಲಕ್, ಮೆಂತ್ಯ, ಕೊತ್ತಂಬರಿಗಳು ಸಿ3 ಗುಂಪಿನವು. ನಡುಹಗಲ ಬಿಸಿಲಿನ ತೀವ್ರತೆ ಒಂದು ಲಕ್ಷ ಲಕ್ಸ್ ತಲುಪುವ ಬಯಲುಸೀಮೆಯ ಬೇಸಿಗೆಯಲ್ಲಿ ಅವಕ್ಕೆ ಅಷ್ಟೂ ಬೆಳಕನ್ನು ಬಳಸಿಕೊಳ್ಳಲು ಆಗುವುದಿಲ್ಲ. ಬೇಸಿಗೆಯಲ್ಲಿ ಕೊತ್ತಂಬರಿಯನ್ನು ನೆರಳು ಪರದೆಯ ಕೆಳಗೆ ಬೆಳೆಯುವುದಕ್ಕೆ ಇದೂ ಒಂದು ಕಾರಣ.

ನೆರಳಿನ ಬೇಸಾಯ ಕರ್ನಾಟಕಕ್ಕೆ ಹೊಸದಲ್ಲ. ಕೊಡಗು ಮತ್ತು ಚಿಕ್ಕಮಗಳೂರಿನಲ್ಲಿ ಕಾಫಿಯನ್ನು ಮರಗಳ ನೆರಳಿನಲ್ಲಿ ಬೆಳೆಯಲಾಗುತ್ತದೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಏಲಕ್ಕಿ, ಕಾಳುಮೆಣಸುಗಳು ಮಿಶ್ರ ಬೆಳೆಗಳು. ಬಯಲುಸೀಮೆಯಲ್ಲಿ ವೀಳ್ಯದೆಲೆಯ ಬಳ್ಳಿಯನ್ನು ಅಗಸೆ, ನುಗ್ಗೆ ಮತ್ತು ಹಾಲವಾಣದ ಮರಗಳಿಗೆ ಹಬ್ಬಿಸಿ, ಅವುಗಳ ತೆಳು ನೆರಳಿನಲ್ಲಿ ಬೆಳೆಸುವ ಪದ್ಧತಿಯಿದೆ. ಹಾವೇರಿ ಜಿಲ್ಲೆಯ ಸವಣೂರು ಇಂತಹ ಎಲೆತೋಟಗಳಿಗೆ ಹೆಸರಾಗಿದೆ.

## ಅರೆ ನೆರಳಿಗೆ ಹೊಂದುವ ಬೆಳೆಗಳು

### ಸೊಪ್ಪುಗಳು

ಉತ್ತರ ಕರ್ನಾಟಕದಲ್ಲಿ ತಪ್ಪಲು ಪಲ್ಯವೆಂದು ಕರೆಯಲಾಗುವ ಸೊಪ್ಪಿನ ತರಕಾರಿಗಳು ನೆರಳಿನ ಹಿತ್ತಲಿನ ಮುಖ್ಯ ಬೆಳೆಗಳು.

- ಪಾಲಕ್: ಭಾರತದಲ್ಲಿ ಪಾಲಕ್ ಎಂದು ಬೆಳೆಯುವ ಗಿಡ ಬೀಟ್‌ರೂಟ್‌ನ ಜಾತಿಗೆ ಸೇರಿದ್ದು. ಪಾಶ್ಚಾತ್ಯ ದೇಶಗಳ ಸ್ಪಿನಾಚ್‌ಗಿಂತ ಇದು ಬೇರೆ. ಸವಳು ನೀರನ್ನು ಇತರ ಸೊಪ್ಪುಗಳಿಗಿಂತ ಹೆಚ್ಚು ತಾಳಿಕೊಳ್ಳುತ್ತದೆ. ಬಿತ್ತಿದ 30ರಿಂದ 35 ದಿನಗಳಿಗೆ ಮೊದಲ ಕೊಯ್ಲು, ಅನಂತರ 15ರಿಂದ 20 ದಿನಗಳಿಗೊಮ್ಮೆ ಎಲೆ ಕೊಯ್ಯಬಹುದು. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿದ ಅರ್ಕಾ ಅನುಪಮ ಇದರ ಒಂದು ತಳಿ.
- ಮೆಂತ್ಯ: 20ರಿಂದ 30 ದಿನಗಳಲ್ಲಿ ಕೀಳಲು ಬರುತ್ತದೆ. ಅಲ್ಪಾವಧಿಯ ಬೆಳೆಯಾದ್ದರಿಂದ ಹೊಸ ಜಾಗದ ಬೆಳಕನ್ನು ಪರೀಕ್ಷಿಸಲು ಮೊದಲು ಬಿತ್ತಲು ತಕ್ಕದ್ದು. ನೀರು ನಿಲ್ಲಬಾರದು.
- ಕೊತ್ತಂಬರಿ: ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಬಿಸಿಲಿನ ತಾಪದಲ್ಲಿ ಬೇಗ ಹೂವಿಗೆ ತಿರುಗುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ನೆರಳು ಇದಕ್ಕೆ ಲಾಭಕರ.
- ಪುದೀನ: ಕಾಂಡದ ತುಂಡುಗಳಿಂದ ಹಬ್ಬುತ್ತದೆ. ತೇವವಿರುವ ಅರೆ ನೆರಳು ಇದರ ನೆಚ್ಚಿನ ಜಾಗ. ಇತರ ಗಿಡಗಳನ್ನು ಆಕ್ರಮಿಸುವುದರಿಂದ ಪ್ರತ್ಯೇಕ ಕುಂಡದಲ್ಲಿ ಬೆಳೆಸುವುದು ವಾಸಿ.
- ಬಸಳೆ: ಬಹುವಾರ್ಷಿಕ ಬಳ್ಳಿ. ಅಡಿಯುದ್ದದ ಕಾಂಡ ನೆಟ್ಟರೆ ಚಿಗುರುತ್ತದೆ. ಬುಡ ನೆರಳಿನಲ್ಲಿದ್ದು ಬಳ್ಳಿ ಗೋಡೆಯ ಮೇಲಿನ ಬೆಳಕಿಗೆ ಏರುವಂತೆ ಹಬ್ಬಿಸಬಹುದು.
- ಹೊನಗೊನ್ನೆ ಮತ್ತು ಒಂದೆಲಗ: ಇವು ತೇವದ ನೆಲದಲ್ಲಿ ತಾವಾಗಿ ಹಬ್ಬುವ ಸಸ್ಯಗಳು. ಕಾಲುವೆ ಅಥವಾ ಚರಂಡಿಯ ಅಂಚಿನಿಂದ ಕಿತ್ತು ತರುವುದಕ್ಕಿಂತ ಮನೆಯಲ್ಲೇ ಶುದ್ಧ ನೀರಿನಲ್ಲಿ ಬೆಳೆಸುವುದು ಸುರಕ್ಷಿತ.
- ದೊಡ್ಡಪತ್ರೆ: ಕಾಂಡದಿಂದ ಸುಲಭವಾಗಿ ಬೆಳೆಯುತ್ತದೆ. ಕಡಿಮೆ ನೀರು ಸಾಕು. ಅತಿಯಾದ ಬಿಸಿಲಿನಲ್ಲಿ ಎಲೆಗಳು ಹಳದಿಗೆ ತಿರುಗುತ್ತವೆ.
- ಚಕ್ರಮುನಿ: ಪೊದೆಯಾಗಿ ಬೆಳೆಯುವ ಬಹುವಾರ್ಷಿಕ ಸೊಪ್ಪು. ಬೇಲಿಯಾಗಿಯೂ ಬೆಳೆಸಬಹುದು. ಬಳಕೆಯ ಎಚ್ಚರಿಕೆಯನ್ನು ಕೆಳಗೆ ಕೊಡಲಾಗಿದೆ.

### ಗೆಡ್ಡೆ ಮತ್ತು ಸಾಂಬಾರ ಸಸ್ಯಗಳು

- ಅರಿಶಿನ: ಏಪ್ರಿಲ್‌ನಿಂದ ಜೂನ್‌ವರೆಗೆ ನಾಟಿ, 7ರಿಂದ 9 ತಿಂಗಳಿಗೆ ಕೊಯ್ಲು. ತೆಂಗಿನ ತೋಟಗಳಲ್ಲಿ ಅಂತರ ಬೆಳೆಯಾಗಿರುವುದರಿಂದ ಇದರ ನೆರಳು ಸಹಿಷ್ಣುತೆ ಸುಪರಿಚಿತ.
- ಶುಂಠಿ: ಸುಮಾರು ಕಾಲುಭಾಗ ನೆರಳಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಆದ್ದರಿಂದ ಎರೆ ಮಣ್ಣಿನಲ್ಲಿ ಏರು ಮಡಿ ಅಥವಾ ಗೋಣಿಚೀಲ ಅಗತ್ಯ.
- ಸುವರ್ಣಗಡ್ಡೆ: 8ರಿಂದ 9 ತಿಂಗಳ ಬೆಳೆ. ಗಜೇಂದ್ರ ಎಂಬ ತಳಿಯಲ್ಲಿ ತುರಿಕೆಯ ಗುಣ ಕಡಿಮೆ.
- ಕೆಸು: ಬಚ್ಚಲ ಬಳಿಯ ತೇವದ ನೆರಳಿನಲ್ಲಿ ಸೊಗಸಾಗಿ ಬೆಳೆಯುತ್ತದೆ.
- ಕರಿಬೇವು: ದಿನಕ್ಕೆ ನಾಲ್ಕು ಗಂಟೆಯ ಬಿಸಿಲಿದ್ದರೂ ಬದುಕುತ್ತದೆ. ಬೆಳವಣಿಗೆ ನಿಧಾನ. ಮೊದಲ ವರ್ಷ ಎಲೆ ಕೊಯ್ಯದಿರುವುದು ಒಳಿತು.
- ವೀಳ್ಯದೆಲೆ: ನುಗ್ಗೆ ಮರವಿರುವ ಮನೆಯಲ್ಲಿ ಒಂದೆರಡು ಬಳ್ಳಿ ಸಾಕು. ಬಿಸಿಗಾಳಿಯಿಂದ ರಕ್ಷಣೆ ಮತ್ತು ಸತತ ತೇವ ಬೇಕು.

### ಹೂಗಿಡಗಳು

ಅಬ್ಬಲಿಗೆ ಎಂದು ಕರೆಯಲಾಗುವ ಕನಕಾಂಬರ ಅರೆ ನೆರಳಿನಲ್ಲಿ ಹೂ ಬಿಡುವ ಕೆಲವೇ ಮಾಲೆಹೂಗಳಲ್ಲಿ ಒಂದು. ಮಲ್ಲಿಗೆ, ಗುಲಾಬಿ, ಸೇವಂತಿಗೆ ಮತ್ತು ಚೆಂಡುಹೂಗಳಿಗೆ ಹೆಚ್ಚಿನ ಬಿಸಿಲು ಬೇಕು. ನೆರಳಿನಲ್ಲಿ ಇವುಗಳ ಎಲೆ ಹೆಚ್ಚಾಗಿ ಹೂ ಕಡಿಮೆಯಾಗುತ್ತದೆ.

## ನೆರಳಿಗೆ ಹೊಂದದ ಬೆಳೆಗಳು

ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆ, ಅವರೆ, ಚವಳಿ, ಹೀರೆ, ಹಾಗಲ, ಸೋರೆ, ಈರುಳ್ಳಿ, ನಿಂಬೆ ಮತ್ತು ಪಪ್ಪಾಯಿಗಳಿಗೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಈ ಭಾಗದ ಊಟದಲ್ಲಿ ಮುಖ್ಯವಾದ ಪುಂಡಿ ಪಲ್ಯವೂ ಬಿಸಿಲಿನ ಬೆಳೆಯೇ. ರೊಟ್ಟಿಯೊಂದಿಗೆ ಹಸಿಯಾಗಿ ತಿನ್ನುವ ಹಕ್ಕರಕಿ ಬಯಲು ಹೊಲದ ಸಸ್ಯ. ಇವುಗಳನ್ನು ಹಿತ್ತಲಿನ ನೆರಳಿನಲ್ಲಿ ಬೆಳೆಯುವ ಬದಲು ಹೊಲದ ಬದುವಿನಲ್ಲಿ ಅಥವಾ ಮಾಳಿಗೆಯ ಮೇಲೆ ಕುಂಡಗಳಲ್ಲಿ ಬೆಳೆಸುವುದು ಸೂಕ್ತ. ಬಳ್ಳಿ ತರಕಾರಿಗಳನ್ನು ಬುಡ ನೆರಳಿನಲ್ಲಿದ್ದರೂ ತುದಿಯನ್ನು ಮಾಳಿಗೆಯ ಬಿಸಿಲಿಗೆ ಏರಿಸಬಹುದಾದಲ್ಲಿ ಮಾತ್ರ ಪ್ರಯತ್ನಿಸಬಹುದು.

ಬಿಸಿಲಿನ ಕೊರತೆಯನ್ನು ಹೆಚ್ಚು ಗೊಬ್ಬರದಿಂದ ನೀಗಿಸಬಹುದು ಎಂಬ ನಂಬಿಕೆ ತಪ್ಪು. ಕಡಿಮೆ ಬೆಳಕಿನಲ್ಲಿ ಯೂರಿಯಾದಂತಹ ಸಾರಜನಕ ಗೊಬ್ಬರ ಹೆಚ್ಚಾದರೆ ಕಾಂಡ ಮೆತ್ತಗಾಗಿ ಕೀಟಬಾಧೆ ಹೆಚ್ಚುತ್ತದೆ. ಬಳಕೆಯಾಗದ ಸಾರಜನಕ ನೈಟ್ರೇಟ್ ರೂಪದಲ್ಲಿ ಸೊಪ್ಪಿನಲ್ಲಿ ಸಂಗ್ರಹವಾಗುತ್ತದೆ.

## ಮರದ ಕೆಳಗಿನ ತೋಟ

ಬೇವಿನ ಮರ ಫೆಬ್ರವರಿ–ಮಾರ್ಚ್ ಸುಮಾರಿಗೆ ಎಲೆ ಉದುರಿಸಿ ಬೇಗನೆ ಮತ್ತೆ ಚಿಗುರುತ್ತದೆ. ಹುಣಸೆ ಮತ್ತು ಹೊಂಗೆಯ ನೆರಳು ದಟ್ಟ. ನುಗ್ಗೆ ಮತ್ತು ಅಗಸೆಯ ನೆರಳು ತೆಳು. ಹೊಸದಾಗಿ ಮರ ನೆಡುವವರು ತೋಟವನ್ನೂ ಮಾಡಬೇಕೆಂದಿದ್ದರೆ ತೆಳು ನೆರಳಿನ ಮರಗಳನ್ನು ಆರಿಸುವುದು ಲೇಸು. ನೀಲಗಿರಿಯ ಕೆಳಗೆ ಇತರ ಸಸ್ಯಗಳು ಸರಿಯಾಗಿ ಬೆಳೆಯುವುದಿಲ್ಲ.

ಮರದ ಬುಡದಲ್ಲಿ ನೆಲವನ್ನು ಆಳವಾಗಿ ಅಗೆದರೆ ಮುಖ್ಯ ಬೇರುಗಳಿಗೆ ಪೆಟ್ಟಾಗುತ್ತದೆ. ಕಾಂಡಕ್ಕೆ ತಾಗುವಂತೆ ಮಣ್ಣು ಏರಿಸಿದರೆ ತೊಗಟೆ ಕೊಳೆಯಬಹುದು. ಗೊಬ್ಬರ ಹಾಕಿದ ಮಡಿಗಳಿಗೆ ಮರದ ಬೇರುಗಳು ಕೆಲವೇ ತಿಂಗಳುಗಳಲ್ಲಿ ನುಗ್ಗುತ್ತವೆ. ಈ ಕಾರಣಗಳಿಂದ ಮರದ ಕೆಳಗೆ ಕುಂಡ, ಹಳೆಯ ಬುಟ್ಟಿ ಅಥವಾ ಗೋಣಿಚೀಲಗಳನ್ನು ಇಟ್ಟಿಗೆಯ ಮೇಲೆ ಇಟ್ಟು ಬೆಳೆಯುವುದು ಹೆಚ್ಚು ಫಲಕಾರಿ.

## ಮಣ್ಣು ಮತ್ತು ನೀರಿನ ನಿರ್ವಹಣೆ

ಎರೆ ಮಣ್ಣಿನಲ್ಲಿ ಅರ್ಧ ಅಡಿಯಿಂದ ಮುಕ್ಕಾಲು ಅಡಿ ಎತ್ತರದ ಏರು ಮಡಿಗಳನ್ನು ಮಾಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರವನ್ನು ಬೆರೆಸಲಾಗುತ್ತದೆ. ಸ್ವಲ್ಪ ಮರಳು ಬೆರೆಸುವುದರಿಂದ ಎರೆ ಮಣ್ಣು ಸಡಿಲವಾಗುವುದಿಲ್ಲ, ಸಾವಯವ ಅಂಶವೇ ಮುಖ್ಯ. ಮಸಾರಿ ಮಣ್ಣಿನಲ್ಲಿ ತೇವ ಉಳಿಸಲು ಒಣ ಎಲೆ ಅಥವಾ ಹೊಟ್ಟಿನ ಮುಚ್ಚಿಗೆ ನೆರವಾಗುತ್ತದೆ.

ನೆರಳಿನ ತೋಟಕ್ಕೆ ಬಿಸಿಲಿನ ತೋಟಕ್ಕಿಂತ ಕಡಿಮೆ ನೀರು ಸಾಕು. ಬೆರಳನ್ನು ಒಂದು ಅಂಗುಲ ಆಳಕ್ಕೆ ಒತ್ತಿ ನೋಡಿ, ಒಣಗಿದ್ದರೆ ಮಾತ್ರ ನೀರು ಕೊಡಬೇಕು. ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸಿದರೆ ರಾತ್ರಿಯಿಡೀ ಒದ್ದೆಯಾಗಿ ಉಳಿದು ಶಿಲೀಂಧ್ರ ರೋಗಗಳು ಬರುತ್ತವೆ. ಆದ್ದರಿಂದ ಬೆಳಿಗ್ಗೆ, ಬುಡಕ್ಕೆ ನೀರುಣಿಸುವುದು ಉತ್ತಮ. ಬೀಜವನ್ನು ಒತ್ತಾಗಿ ಬಿತ್ತಿದರೆ ಸಸಿಗಳು ಬುಡದಲ್ಲಿ ಕೊಳೆತು ಬೀಳುತ್ತವೆ.

ಪಾತ್ರೆ ತೊಳೆದ ಮತ್ತು ಬಚ್ಚಲ ನೀರನ್ನು ಬಾಳೆ, ಕರಿಬೇವು ಹಾಗೂ ಹೂಗಿಡಗಳಿಗೆ ಬಳಸಬಹುದು. ಕೆಸುವನ್ನು ಬೇಯಿಸಿಯೇ ತಿನ್ನುವುದರಿಂದ ಅದಕ್ಕೂ ಬಳಸುವ ರೂಢಿಯಿದೆ. ಕೊತ್ತಂಬರಿ, ಪುದೀನ, ಒಂದೆಲಗದಂತೆ ಹಸಿಯಾಗಿ ತಿನ್ನುವ ಸೊಪ್ಪುಗಳಿಗೆ ಈ ನೀರು ತಕ್ಕುದಲ್ಲ. ಸಾಬೂನಿನಲ್ಲಿರುವ ಸೋಡಿಯಂ ಎರೆ ಮಣ್ಣನ್ನು ಇನ್ನಷ್ಟು ಗಟ್ಟಿಯಾಗಿಸುವುದರಿಂದ ಒಂದೇ ಜಾಗಕ್ಕೆ ಸತತವಾಗಿ ಬಿಡಬಾರದು.

## ಒಂದು ಮಾದರಿ ವಿನ್ಯಾಸ

ಮನೆಯ ಪೂರ್ವಕ್ಕೆ 10 ಅಡಿ ಅಗಲ, 12 ಅಡಿ ಉದ್ದದ ಜಾಗವಿದ್ದು, ಅದರ ದಕ್ಷಿಣ ತುದಿಯಲ್ಲಿ ಬೇವಿನ ಮರವಿದೆಯೆಂದು ಭಾವಿಸಿದರೆ ಬೆಳೆಗಳನ್ನು ಹೀಗೆ ಹಂಚಬಹುದು. ಮರಕ್ಕೆ ಹತ್ತಿರದ 3 ಅಡಿಯಲ್ಲಿ ಕುಂಡಗಳಲ್ಲಿ ಪುದೀನ, ದೊಡ್ಡಪತ್ರೆ ಮತ್ತು ಒಂದೆಲಗ. ನಡುವಿನ 5 ಅಡಿಯಲ್ಲಿ ಎರಡು ಏರು ಮಡಿಗಳು: ಒಂದರಲ್ಲಿ ಮುಂಗಾರಿಗೆ ಅರಿಶಿನ ಅಥವಾ ಶುಂಠಿ, ಇನ್ನೊಂದರಲ್ಲಿ ಪಾಲಕ್, ಮೆಂತ್ಯ, ಕೊತ್ತಂಬರಿಗಳನ್ನು ಹದಿನೈದು ದಿನಗಳ ಅಂತರದಲ್ಲಿ ಸರದಿಯಂತೆ. ಬೆಳಕು ಹೆಚ್ಚಿರುವ ಉತ್ತರ ತುದಿಯ 4 ಅಡಿಯಲ್ಲಿ ಕರಿಬೇವು, ರಾಜಗಿರಿ ಮತ್ತು ಅಬ್ಬಲಿಗೆ. ಮನೆಯ ಗೋಡೆಗೆ ಹುರಿ ಕಟ್ಟಿ ಬಸಳೆ. ಮಡಿಗಳ ನಡುವೆ ಒಂದೂವರೆ ಅಡಿಯ ಕಾಲುದಾರಿ ಬಿಟ್ಟರೆ ಮಣ್ಣನ್ನು ತುಳಿಯದೆ ಕೆಲಸ ಮಾಡಬಹುದು.

## ಪೌಷ್ಟಿಕತೆ ಮತ್ತು ಮಿತಿಗಳು

ಸೊಪ್ಪುಗಳು ಬೀಟಾ ಕ್ಯಾರೊಟೀನ್, ಫೋಲೇಟ್, ಕಬ್ಬಿಣ ಮತ್ತು ನಾರಿನ ಆಕರಗಳು. ಆದರೆ ಸಸ್ಯಮೂಲದ ಕಬ್ಬಿಣವನ್ನು ದೇಹ ಅಲ್ಪ ಪ್ರಮಾಣದಲ್ಲಷ್ಟೇ ಹೀರಿಕೊಳ್ಳುತ್ತದೆ. ಊಟದೊಂದಿಗೆ ನಿಂಬೆರಸ ಅಥವಾ ನೆಲ್ಲಿಕಾಯಿಯಂತಹ ಸಿ ಜೀವಸತ್ವದ ಪದಾರ್ಥ ಸೇರಿದರೆ ಹೀರುವಿಕೆ ಹೆಚ್ಚುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಪಾಲಕ್ ಮತ್ತು ಬಸಳೆಯಲ್ಲಿ ಆಕ್ಸಲೇಟ್ ಹೆಚ್ಚಿರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆಯಿರುವವರು ವೈದ್ಯರ ಸಲಹೆ ಪಡೆಯುವುದು ಸೂಕ್ತ. ಹಿತ್ತಲ ತೋಟವು ಆಹಾರದ ವೈವಿಧ್ಯವನ್ನು ಹೆಚ್ಚಿಸುತ್ತದೆಯೇ ಹೊರತು ರಕ್ತಹೀನತೆಯ ಚಿಕಿತ್ಸೆಗೆ ಪರ್ಯಾಯವಲ್ಲ.

## ಎಚ್ಚರಿಕೆಗಳು

- ಕೆಸು ಮತ್ತು ಸುವರ್ಣಗಡ್ಡೆಯಲ್ಲಿ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿದ್ದು ಬಾಯಿ, ಗಂಟಲುಗಳಲ್ಲಿ ತುರಿಕೆ ಉಂಟುಮಾಡುತ್ತವೆ. ಹುಣಸೆ ಹುಳಿಯೊಂದಿಗೆ ಚೆನ್ನಾಗಿ ಬೇಯಿಸಬೇಕು. ಕಾಡು ಕೆಸುವಿನ ಎಲ್ಲ ಬಗೆಗಳೂ ತಿನ್ನಲು ಯೋಗ್ಯವಲ್ಲ.
- ಚಕ್ರಮುನಿಯನ್ನು ಬೇಯಿಸಿ, ಮಿತವಾಗಿ ಬಳಸಬೇಕು. 1990ರ ದಶಕದ ಮಧ್ಯದಲ್ಲಿ ತೈವಾನ್‌ನಲ್ಲಿ ದೇಹದ ತೂಕ ಇಳಿಸಲೆಂದು ಇದರ ಹಸಿ ರಸವನ್ನು ಹೆಚ್ಚು ಪ್ರಮಾಣದಲ್ಲಿ ಸೇವಿಸಿದ ಹಲವರು ಗಂಭೀರ ಶ್ವಾಸಕೋಶದ ಕಾಯಿಲೆಗೆ ಒಳಗಾದರು.
- ನೆರಳಿನ ಅಲಂಕಾರಿಕ ಗಿಡವಾಗಿ ಮಾರಾಟವಾಗುವ ಡೈಫೆನ್‌ಬ್ಯಾಕಿಯಾದ ಎಲೆ ಮತ್ತು ಕಾಂಡ ವಿಷಕಾರಿ. ಸಣ್ಣ ಮಕ್ಕಳಿರುವ ಮನೆ ಮತ್ತು ಅಂಗನವಾಡಿಗಳಲ್ಲಿ ಇದನ್ನು ಬೆಳೆಸಬಾರದು.
- ಕುಂಡಗಳ ತಟ್ಟೆ ಮತ್ತು ತೊಟ್ಟಿಗಳಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆಯಾದರೂ ಅವನ್ನು ಬರಿದುಮಾಡಿ ಉಜ್ಜಿ ತೊಳೆಯಬೇಕು.
- ಎಲೆಯ ರಾಶಿ, ಕಲ್ಲು ಮತ್ತು ಇಟ್ಟಿಗೆಗಳ ಗುಡ್ಡೆ ಹಾವು, ಚೇಳುಗಳಿಗೆ ಆಶ್ರಯವಾಗುತ್ತದೆ. ಗೊಬ್ಬರದ ಗುಂಡಿಯನ್ನು ಮನೆಯ ಬಾಗಿಲಿನಿಂದ ದೂರದಲ್ಲಿಡಬೇಕು ಮತ್ತು ಬರಿಗೈಯಿಂದ ರಾಶಿ ಕೆದಕಬಾರದು.

## ಮಾಹಿತಿ ಮತ್ತು ಸಸಿಗಳ ಮೂಲ

ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಹಾಗೂ ರಾಜ್ಯ ತೋಟಗಾರಿಕೆ ಇಲಾಖೆಯ ಕಚೇರಿಗಳು ಈ ಭಾಗದಲ್ಲಿ ಬೆಳೆ ಮತ್ತು ಮಣ್ಣಿನ ಬಗ್ಗೆ ಸಲಹೆ ಪಡೆಯಬಹುದಾದ ಸಾರ್ವಜನಿಕ ಸಂಸ್ಥೆಗಳು. ನೆರಳಿನ ತೋಟದ ಬಹುತೇಕ ಗಿಡಗಳು ಕಾಂಡ, ಬಳ್ಳಿ ಅಥವಾ ಗೆಡ್ಡೆಯ ತುಂಡಿನಿಂದ ಬೆಳೆಯುವುದರಿಂದ ಅವು ಮನೆಯಿಂದ ಮನೆಗೆ ವಿನಿಮಯವಾಗಿಯೇ ಹರಡುತ್ತವೆ. ಹಾಗೆ ಪಡೆಯುವಾಗ ಗಿಡದ ಗುರುತನ್ನು ಅದನ್ನು ಬಳಸಿ ಬಲ್ಲವರಿಂದ ಖಚಿತಪಡಿಸಿಕೊಳ್ಳುವುದು ಅಗತ್ಯ.

## ಇವನ್ನೂ ನೋಡಿ

- ಕೈತೋಟ
- ದ್ಯುತಿಸಂಶ್ಲೇಷಣೆ
- ಕಪ್ಪು ಮಣ್ಣು
- ರಾಯಚೂರು ಜಿಲ್ಲೆ
- ವೀಳ್ಯದೆಲೆ